ರನ್‌ವೇಯ ಮೇಲಣ ತಿರುವು

ಇಳಿಯಲೆಂದು ಬಂದ ವಿಮಾನವೊಂದು ರನ್‌ವೇಯ ನೇರಕ್ಕೇ ಹಾರಿಬಂದು, ಅಲ್ಲಿ ಇಳಿಯದೆ, ಥಟ್ಟನೆ ಪಕ್ಕಕ್ಕೆ ವಾಲಿ ತಿರುಗಿಬಿಟ್ಟರೆ ನೋಡುವವರಿಗೆ ಅದು ಬರಿಯ ಕಸರತ್ತಿನಂತೆ ತೋರುವುದು. ಆದರೆ ವೇಗವನ್ನು ಕಳೆಯುವ ಉಪಾಯವೂ ಅದರಲ್ಲಿ ಅಡಗಿದೆ. ಯುದ್ಧವಿಮಾನಗಳ ದಳಗಳು ಒಂದರ ಹಿಂದೊಂದು ಬೇಗನೆ ಇಳಿಯಲು ರೂಢಿಸಿಕೊಂಡ ಈ ಕ್ರಮವನ್ನು ಅಮೆರಿಕದಲ್ಲಿ ಆರ್‌ವಿ-8ರಂತಹ ವೇಗದ ಪುಟ್ಟ ವಿಮಾನಗಳ ಚಾಲಕರೂ ಅನುಸರಿಸುವುದುಂಟು.

ಇಂತಹ ವಿಮಾನವು ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆಯೆನ್ನೋಣ. ಅದನ್ನು 150ಕ್ಕೆ ಇಳಿಸಬೇಕು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದರ ಮುಕ್ಕಾಲು ಪಾಲನ್ನು ಕಳೆಯಬೇಕಾಯಿತು. ನಯವಾದ ಮೈಕಟ್ಟಿನ ವಿಮಾನವು ಎಂಜಿನ್ನನ್ನು ತಗ್ಗಿಸಿದರೂ ಬೇಗ ನಿಧಾನವಾಗದು. ರೆಕ್ಕೆಯ ಹಿಂಬದಿಯ ಫ್ಲ್ಯಾಪುಗಳನ್ನು ಇಷ್ಟು ವೇಗದಲ್ಲಿ ಇಳಿಬಿಟ್ಟರೆ ಅವಕ್ಕೆ ಹಾನಿಯಾದೀತು.

ಆಗ ತಿರುವೇ ನೆರವಾಗುವುದು. ಚಾಲಕನು ಎಂಜಿನ್ನನ್ನು ತಗ್ಗಿಸಿ, ವಿಮಾನವನ್ನು 60 ಡಿಗ್ರಿ ವಾಲಿಸಿ, ಎತ್ತರ ಬದಲಾಗದಂತೆ ತಿರುಗಿಸುತ್ತಾನೆ. ರೆಕ್ಕೆಯ ಎತ್ತುವ ಬಲದಲ್ಲಿ ಲಂಬವಾದ ಭಾಗ ಮಾತ್ರವೇ ತೂಕವನ್ನು ಹೊರಬಲ್ಲುದು. 60 ಡಿಗ್ರಿಯ ಕೋಸೈನ್ ಅರ್ಧ; ಆದುದರಿಂದ ರೆಕ್ಕೆಯು ತೂಕದ ಎರಡರಷ್ಟು ಬಲವನ್ನು ಒದಗಿಸಬೇಕು. ಈ ಬಲದೊಡನೆ ಹುಟ್ಟುವ ಎಳೆತವು ಬಲದ ವರ್ಗದಂತೆ ಬೆಳೆಯುವುದು. ಅದೇ ವೇಗದಲ್ಲಿ ನಾಲ್ಕು ಪಟ್ಟಾಗುವುದು. 180 ಡಿಗ್ರಿ ತಿರುಗುವ ವೇಳೆಗೆ ವಿಮಾನದ ವೇಗ ಬಹಳವಾಗಿ ಕುಗ್ಗಿ, ಅದು ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಸಾಗುತ್ತಿರುವುದು. ಬಳಿಕ ಫ್ಲ್ಯಾಪುಗಳನ್ನು ಇಳಿಸಿ, ಇನ್ನೊಂದು ಅರೆಸುತ್ತಿನಲ್ಲಿ ಕೆಳಗಿಳಿಯುತ್ತ ರನ್‌ವೇಯ ತುದಿಗೆ ಬರಬೇಕು. ಸುತ್ತಮುತ್ತಲಿನ ವಿಮಾನಗಳಿಗೆ ರೇಡಿಯೋ ಮೂಲಕ ಮೊದಲೇ ತನ್ನ ಉದ್ದೇಶವನ್ನು ತಿಳಿಸಿರಬೇಕೆಂಬುದನ್ನು ಹೇಳಬೇಕಾಗಿಲ್ಲ.

ಅಪಾಯವಿರುವುದು ಈ ಎರಡನೆಯ ತಿರುವಿನಲ್ಲಿ. ನೆಟ್ಟಗೆ ಹಾರುವಾಗ ವೇಗವು ಗಂಟೆಗೆ 90 ಕಿಲೋಮೀಟರಿಗಿಂತ ಕುಗ್ಗಿದರೆ ರೆಕ್ಕೆಯು ತೂಕವನ್ನು ಹೊರಲಾರದೆಂದು ಇಟ್ಟುಕೊಳ್ಳಿ. ಇದಕ್ಕೆ ಸ್ಟಾಲ್ ಎಂದು ಹೆಸರು. ಹೊರೆ ಎರಡರಷ್ಟಾದಾಗ ಈ ಮಿತಿಯು ಎರಡರ ವರ್ಗಮೂಲದಷ್ಟು ಹೆಚ್ಚಿ, ಸುಮಾರು 127ಕ್ಕೆ ಏರುವುದು. 300ರ ವೇಗದಲ್ಲಿ ಬಂದವನಿಗೆ ಅದು ದೂರದ ಮಾತು; ಕೊನೆಯ ತಿರುವಿನಲ್ಲಿ 125ರಲ್ಲಿರುವವನಿಗೆ ಪ್ರಾಣದ ಮಾತು. ಗಾಳಿಯು ವಿಮಾನವನ್ನು ರನ್‌ವೇಯ ಆಚೆಗೆ ತಳ್ಳಿತೆಂದು ಅವನು ಇನ್ನಷ್ಟು ವಾಲಿಸಿ ಎಳೆದರೆ, ಕುಸಿದ ವಿಮಾನವನ್ನು ಸಾವರಿಸಿಕೊಳ್ಳಲು ಎತ್ತರವೇ ಉಳಿದಿರದು. ಆಗ ರೆಕ್ಕೆಗಳನ್ನು ಸಮಮಾಡಿ, ಎಂಜಿನ್ನಿನ ಬಲದಿಂದ ಮೇಲೇರಿ, ಮತ್ತೊಮ್ಮೆ ಸುತ್ತಿಬರುವುದೇ ವಿವೇಕ.

ವಾಚಕರು 30 ಡಿಗ್ರಿಯ ವಾಲುವಿಕೆಗೂ ಲೆಕ್ಕ ಹಾಕಿ ನೋಡಬಹುದು. ಹೊರೆ 1.15 ಪಟ್ಟು; ಸ್ಟಾಲ್ ಮಿತಿ ಸುಮಾರು 97. ಕೊನೆಯ ತಿರುವನ್ನು ಅಗಲವಾಗಿ, ಮೆಲ್ಲಗೆ ತೆಗೆದುಕೊಳ್ಳಬೇಕೆಂಬ ಉಪದೇಶಕ್ಕೆ ಈ ಅಂಕಿಯೇ ಆಧಾರ.