ಕಿರು ರೈಲು ಮೇಲಂತಸ್ತಿಗೆ ಹತ್ತುವುದು ಹೇಗೆ?

ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಹಾಳೆಯ ಮೇಲೆ ದೊಡ್ಡದಾಗಿ 8 ಎಂದು ಬರೆಯಿರಿ. ಅದೇ ರೈಲು ದಾರಿ ಎಂದುಕೊಳ್ಳಿ. ಪೆನ್ಸಿಲ್ ತುದಿಯೇ ರೈಲು. ಅದನ್ನು ಗೆರೆಯ ಮೇಲೆ ಓಡಿಸಿ. ನಡುವೆ ಒಂದು ಕಡೆ ದಾರಿ ತನ್ನನ್ನು ತಾನೇ ದಾಟುತ್ತದೆ, ಅಲ್ಲವೇ? ಈ ದಾರಿಯಲ್ಲಿ ಎರಡು ರೈಲುಗಳು ಓಡುತ್ತಿದ್ದರೆ? ಒಂದಲ್ಲ ಒಂದು ಸುತ್ತಿನಲ್ಲಿ ಅವು ಅಲ್ಲಿ ಡಿಕ್ಕಿ ಹೊಡೆಯುತ್ತವೆ!

ಇದಕ್ಕೊಂದು ಉಪಾಯವಿದೆ. ಒಂದು ದಾರಿಯನ್ನು ಕೆಳಗೆ ಬಿಟ್ಟು, ಇನ್ನೊಂದನ್ನು ಸೇತುವೆಯ ಮೇಲೆ ಹಾಯಿಸುವುದು. ಹೇಳುವುದು ಸುಲಭ. ಆದರೆ ಸೇತುವೆ ಎಷ್ಟು ಎತ್ತರವಿರಬೇಕು? ರೈಲು ಅಷ್ಟು ಎತ್ತರ ಹತ್ತಬಲ್ಲದೇ? ಹಾಳೆಯ ಮೇಲಿನ 8 ಇದನ್ನು ಹೇಳುವುದಿಲ್ಲ. ಹಾಳೆಗೆ ಉದ್ದವಿದೆ, ಅಗಲವಿದೆ; ಎತ್ತರವಿಲ್ಲ. ಮಾದರಿ ರೈಲು ದಾರಿ ಕಟ್ಟುವವರಿಗೆ ಎದುರಾಗುವ ಸಮಸ್ಯೆ ಇದೇ. ಅದನ್ನು ಬಿಡಿಸಲು ಅವರು ಕಂಪ್ಯೂಟರ್ ನೆರವು ಪಡೆಯುತ್ತಾರೆ. ಹೇಗೆಂದು ನೋಡೋಣ.

87ರಲ್ಲಿ ಒಂದು ಪಾಲು

ಜಾತ್ರೆಯಲ್ಲಿ ಸಿಗುವ ಆಟದ ರೈಲು ನೋಡಲು ರೈಲಿನಂತೆ ಇದ್ದರೆ ಸಾಕು. ಮಾದರಿ ರೈಲು ಹಾಗಲ್ಲ. ನಿಜವಾದ ರೈಲಿನ ಪ್ರತಿಯೊಂದು ಭಾಗವನ್ನೂ ಒಂದೇ ಪ್ರಮಾಣದಲ್ಲಿ ಚಿಕ್ಕದು ಮಾಡಿ ಅದನ್ನು ತಯಾರಿಸುತ್ತಾರೆ. ಬಹಳ ದೇಶಗಳಲ್ಲಿ ಬಳಕೆಯಲ್ಲಿರುವ ಪ್ರಮಾಣಕ್ಕೆ 'ಎಚ್‌ಓ' ಎಂದು ಹೆಸರು. ಇದರಲ್ಲಿ ನಿಜವಾದ 87 ಸೆ.ಮೀ. ಮಾದರಿಯಲ್ಲಿ 1 ಸೆ.ಮೀ. ಆಗುತ್ತದೆ. ಯುರೋಪಿನ ಹೆಚ್ಚಿನ ರೈಲುಗಳ ಎರಡು ಹಳಿಗಳ ನಡುವಿನ ಅಂತರ 1435 ಮಿ.ಮೀ. ಅದನ್ನು 87ರಿಂದ ಭಾಗಿಸಿ. ಸುಮಾರು 16.5 ಮಿ.ಮೀ. ಬರುತ್ತದೆ. ನಿಮ್ಮ ಹೆಬ್ಬೆರಳಿನಷ್ಟು ಅಗಲ!

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ 'ಮಿನಿಯಾಟೂರ್ ವುಂಡರ್‌ಲಾಂಡ್' ಎಂಬ ಪ್ರದರ್ಶನಾಲಯವಿದೆ. 2001ರಲ್ಲಿ ಆರಂಭವಾದ ಇಲ್ಲಿ ಇದೇ ಪ್ರಮಾಣದ ರೈಲುಗಳು ಓಡುತ್ತವೆ. ಅಲ್ಲಿನ ಹಳಿಗಳ ಒಟ್ಟು ಉದ್ದ 15 ಕಿ.ಮೀ.ಗಿಂತ ಹೆಚ್ಚು. ಅದರಲ್ಲಿ ಸ್ವಿಟ್ಜರ್ಲೆಂಡ್ ದೇಶವನ್ನು ತೋರಿಸುವ ಭಾಗ ಕಟ್ಟಡದ ಎರಡು ಅಂತಸ್ತುಗಳಲ್ಲಿ ಹರಡಿದೆ. ಕೆಳಗಿನ ರೈಲು ಮೇಲಂತಸ್ತಿಗೆ ಹೋಗುತ್ತದೆ. ಮೆಟ್ಟಿಲು ಹತ್ತಲಾರದ ರೈಲು ಅಲ್ಲಿಗೆ ಹೋಗುವುದಾದರೂ ಹೇಗೆ?

ರೈಲಿಗೆ ಏರು ಎಂದರೆ ಕಷ್ಟ

ರೈಲಿನ ಗಾಲಿ ನುಣುಪು, ಹಳಿಯೂ ನುಣುಪು. ಎರಡೂ ಲೋಹ. ಇವುಗಳ ನಡುವೆ ಘರ್ಷಣೆ ಕಡಿಮೆ. ಆದ್ದರಿಂದಲೇ ಸಮತಟ್ಟಾದ ದಾರಿಯಲ್ಲಿ ಒಂದೇ ಇಂಜಿನ್ ಹತ್ತಾರು ಬೋಗಿಗಳನ್ನು ಎಳೆಯಬಲ್ಲದು. ಆದರೆ ಏರಿನಲ್ಲಿ ಅದೇ ಗುಣ ತೊಡಕಾಗುತ್ತದೆ. ಹಿಡಿತ ಸಾಲದೆ ಗಾಲಿ ನಿಂತಲ್ಲೇ ಜಾರಿ ತಿರುಗುತ್ತದೆ.

ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದ ರೈಲು ದಾರಿಯನ್ನು ನೀವು ಕೇಳಿರಬಹುದು. ಅಲ್ಲಿ ಏರಿನ ಪ್ರಮಾಣ 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುತ್ತದೆ. 100 ಮೀಟರಿಗೆ 2 ಮೀಟರ್. ಇದನ್ನೇ ಶೇಕಡಾ 2ರ ಏರು ಎನ್ನುತ್ತಾರೆ. ನಡೆಯುವ ನಮಗೆ ಅದು ಏರು ಎಂದು ಅನ್ನಿಸುವುದೂ ಕಷ್ಟ. ಆದರೆ ಗೂಡ್ಸ್ ರೈಲಿಗೆ ಅಲ್ಲಿ ಹೆಚ್ಚಿನ ಇಂಜಿನ್‌ಗಳನ್ನು ಜೋಡಿಸಬೇಕಾಗುತ್ತದೆ. ಮಾದರಿ ರೈಲು ಕಟ್ಟುವವರೂ ಸಾಧ್ಯವಾದಷ್ಟು ಈ ಶೇಕಡಾ 2ನ್ನು ಮೀರದಂತೆ ನೋಡಿಕೊಳ್ಳುತ್ತಾರೆ.

ಲೆಕ್ಕ ಮಾಡೋಣ

ನಿಮ್ಮ ಬಳಿ 240 ಸೆ.ಮೀ. ಉದ್ದ, 120 ಸೆ.ಮೀ. ಅಗಲದ ಹಲಗೆ ಇದೆ ಎಂದುಕೊಳ್ಳಿ. ಅದರ ಮೇಲೆ 8ರ ಆಕಾರದ ದಾರಿ ಕಟ್ಟಬೇಕು.

ಮೊದಲು ಎತ್ತರ. ಎಚ್‌ಓ ಇಂಜಿನ್ ಸುಮಾರು 5 ಸೆ.ಮೀ. ಎತ್ತರ. ಅದರ ನೆತ್ತಿ ತಗುಲದಂತೆ 1.5 ಸೆ.ಮೀ. ಜಾಗ ಬಿಡೋಣ. ಸೇತುವೆಯ ಹಲಗೆ ಮತ್ತು ಹಳಿಯ ದಪ್ಪ ಇನ್ನೊಂದು 1.5 ಸೆ.ಮೀ. ಒಟ್ಟು 8 ಸೆ.ಮೀ. ಶೇಕಡಾ 2ರ ಏರಿನಲ್ಲಿ 8 ಸೆ.ಮೀ. ಹತ್ತಲು ಎಷ್ಟು ಉದ್ದ ಬೇಕು? 400 ಸೆ.ಮೀ.! ನಮ್ಮ ಹಲಗೆಯೇ 240 ಸೆ.ಮೀ.

ಆದರೆ 8ರಲ್ಲಿ ಎರಡು ವೃತ್ತಗಳಿವೆ. ಒಂದನ್ನು ಸುತ್ತುತ್ತ ಏರಬಹುದು, ಇನ್ನೊಂದನ್ನು ಸುತ್ತುತ್ತ ಇಳಿಯಬಹುದು. ಹಲಗೆಯ ಅಗಲದಲ್ಲಿ 55 ಸೆ.ಮೀ. ತ್ರಿಜ್ಯದ ವೃತ್ತ ಹಿಡಿಸುತ್ತದೆ. ಅದರ ಪರಿಧಿ 2 × 3.14 × 55, ಅಂದರೆ ಸುಮಾರು 345 ಸೆ.ಮೀ. ಒಂದು ಸುತ್ತಿಗೆ ಏರುವ ಎತ್ತರ 6.9 ಸೆ.ಮೀ. ಮಾತ್ರ. ಬೇಕಾದದ್ದು 8. ಒಂದು ಸೆಂಟಿಮೀಟರಿಗೆ ತುಸು ಹೆಚ್ಚು ಕೊರತೆ! ಹಾಳೆಯ ಮೇಲೆ ಚೆಂದವಾಗಿ ಕಂಡ 8, ಕಟ್ಟಿದಾಗ ಇಂಜಿನ್ನಿನ ನೆತ್ತಿಗೆ ಬಡಿಯುತ್ತಿತ್ತು. ಹಲಗೆ ಕೊಯ್ದು, ಹಳಿ ಕೂರಿಸಿದ ಮೇಲೆ ಇದು ಗೊತ್ತಾದರೆ ಎಲ್ಲವನ್ನೂ ಕಿತ್ತು ಮತ್ತೆ ಕಟ್ಟಬೇಕು.

ಏರನ್ನು ಶೇಕಡಾ 2.5 ಮಾಡಿದರೆ ಸುತ್ತಿಗೆ 8.6 ಸೆ.ಮೀ. ಸಿಗುತ್ತದೆ. ದಾರಿ ಸರಿಹೋಯಿತು. ಆದರೆ ಇಂಜಿನ್ ಎಳೆಯಬಲ್ಲ ಬೋಗಿಗಳು ಕಡಿಮೆಯಾದವು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು.

ಕಂಪ್ಯೂಟರ್ ಮಾಡುವ ಕೆಲಸ

ಇಂಥ ಲೆಕ್ಕವನ್ನು ಒಂದು ಕಡೆ ಮಾಡಿದರೆ ಸಾಲದು. ನೂರಾರು ಹಳಿ ತುಂಡುಗಳಿರುವ ದಾರಿಯಲ್ಲಿ ಪ್ರತಿ ಬದಲಾವಣೆಗೂ ಮತ್ತೆ ಮಾಡಬೇಕು. ಇದಕ್ಕಾಗಿ ತಂತ್ರಾಂಶಗಳಿವೆ. 'ಎನಿರೈಲ್', 'ಸ್ಕಾರ್ಮ್' ಅವುಗಳಲ್ಲಿ ಎರಡು. 'ಎಕ್ಸ್‌ಟ್ರಾಕ್‌ಕ್ಯಾಡ್' ಎಂಬುದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಇವುಗಳಲ್ಲಿ ಅಂಗಡಿಯಲ್ಲಿ ಸಿಗುವ ಹಳಿ ತುಂಡುಗಳ ಪಟ್ಟಿಯೇ ಇರುತ್ತದೆ. ಪ್ರತಿ ತುಂಡಿನ ಉದ್ದ, ತ್ರಿಜ್ಯ, ಕೋನ ಅದಕ್ಕೆ ಗೊತ್ತು. 30 ಡಿಗ್ರಿಯ 12 ತುಂಡುಗಳನ್ನು ಜೋಡಿಸಿದರೆ ತೆರೆಯ ಮೇಲೆ ವೃತ್ತ ಕೂಡಿಕೊಳ್ಳುತ್ತದೆ. ಇಲ್ಲಿ ಎತ್ತರ 0, ಅಲ್ಲಿ 8 ಎಂದು ತಿಳಿಸಿದರೆ, ನಡುವಿನ ಏರು ಶೇಕಡಾ ಎಷ್ಟೆಂದು ಲೆಕ್ಕ ಹಾಕಿ ತೋರಿಸುತ್ತದೆ. ಕೆಳಂತಸ್ತಿನ ಹಳಿಗೆ ಒಂದು ಬಣ್ಣ, ಮೇಲಂತಸ್ತಿಗೆ ಇನ್ನೊಂದು ಬಣ್ಣ ಕೊಡಬಹುದು. ಒಂದು ಅಂತಸ್ತನ್ನು ಮರೆಮಾಡಿ ಇನ್ನೊಂದನ್ನಷ್ಟೇ ನೋಡಬಹುದು. ಕೆಲವು ತಂತ್ರಾಂಶಗಳಲ್ಲಿ ಇಡೀ ದಾರಿಯನ್ನು ಬದಿಯಿಂದ, ಓರೆಯಾಗಿ, ಹೇಗೆ ಬೇಕಾದರೂ ತಿರುಗಿಸಿ ನೋಡಬಹುದು. ಹಾಳೆಯಲ್ಲಿ ಇಲ್ಲದ ಎತ್ತರ ಇಲ್ಲಿ ಸಿಕ್ಕಿತು!

ಸುರುಳಿಯ ಗುಟ್ಟು

ಈಗ ಹ್ಯಾಂಬರ್ಗಿನ ಪ್ರಶ್ನೆಗೆ ಬರೋಣ. ಒಂದು ವೃತ್ತದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಬರುವಂತೆ ದಾರಿಯನ್ನು ಸುತ್ತಿದರೆ ಅದು ಸ್ಪ್ರಿಂಗಿನ ಆಕಾರದ ಸುರುಳಿಯಾಗುತ್ತದೆ. ರೈಲು ಮೇಲಂತಸ್ತಿಗೆ ಹತ್ತುವುದು ಇಂಥ ಸುರುಳಿಯಲ್ಲೇ. ನಮ್ಮ 55 ಸೆ.ಮೀ. ವೃತ್ತದಲ್ಲೇ 5 ಸುತ್ತು ಸುತ್ತಿದರೆ 43 ಸೆ.ಮೀ. ಮೇಲೇರಬಹುದು. ಅದಕ್ಕಾಗಿ ರೈಲು ಓಡುವ ದೂರ 17 ಮೀಟರಿಗೂ ಹೆಚ್ಚು!

ನಿಜವಾದ ರೈಲುಗಳೂ ಹೀಗೆ ಸುತ್ತುವುದುಂಟು. ಸ್ವಿಟ್ಜರ್ಲೆಂಡಿನ ಬ್ರೂಸಿಯೋ ಎಂಬಲ್ಲಿ 1908ರಿಂದ ರೈಲು ಬಯಲಿನಲ್ಲೇ ವೃತ್ತಾಕಾರವಾಗಿ ಸುತ್ತಿ, ತಾನು ಬಂದ ಕಲ್ಲಿನ ಸೇತುವೆಯ ಕೆಳಗೇ ಹಾಯುತ್ತದೆ. ನಮ್ಮ ಡಾರ್ಜಿಲಿಂಗ್ ಬಳಿಯ ಬತಾಸಿಯಾ ಎಂಬಲ್ಲಿಯೂ ಇಂಥದೇ ಸುತ್ತು ಇದೆ.

ಕಂಪ್ಯೂಟರಿಗೆ ತಿಳಿಯದ್ದು

ತಂತ್ರಾಂಶ ಲೆಕ್ಕ ತಪ್ಪುವುದಿಲ್ಲ. ಆದರೆ ನೀವು ಹಲಗೆಯ ದಪ್ಪವನ್ನು ತಪ್ಪಾಗಿ ಕೊಟ್ಟರೆ ಉತ್ತರವೂ ತಪ್ಪಾಗುತ್ತದೆ. ಸುರುಳಿಯ ಒಳಗೆ ರೈಲು ಹಳಿ ತಪ್ಪಿದರೆ ಎತ್ತಿಡಲು ನಿಮ್ಮ ಕೈ ಅಲ್ಲಿಗೆ ಹೋಗುತ್ತದೆಯೇ? ಅದನ್ನು ನೀವೇ ಯೋಚಿಸಬೇಕು. ಅಳತೆ ತೆಗೆಯುವ ಕೈ, ಯೋಚಿಸುವ ತಲೆ ಎರಡೂ ನಿಮ್ಮವೇ.

ನೀವೇ ಮಾಡಿ ನೋಡಿ

ಕಂಪ್ಯೂಟರ್ ಇಲ್ಲದೆಯೂ ಸುರುಳಿ ಕಟ್ಟಬಹುದು. ರಟ್ಟಿನ ಮೇಲೆ ಒಂದೇ ಕೇಂದ್ರದಿಂದ 11 ಸೆ.ಮೀ. ಮತ್ತು 7 ಸೆ.ಮೀ. ತ್ರಿಜ್ಯದ ಎರಡು ವೃತ್ತ ಎಳೆದು, ಬಳೆಯಂತೆ ಕತ್ತರಿಸಿ. ಇಂಥ ಮೂರು ಬಳೆ ಮಾಡಿ. ಪ್ರತಿಯೊಂದನ್ನೂ ಒಂದು ಕಡೆ ಸೀಳಿ. ಒಂದರ ತುದಿಗೆ ಇನ್ನೊಂದರ ತುದಿಯನ್ನು ಗಮ್ ಟೇಪಿನಿಂದ ಅಂಟಿಸಿ ಮೇಲಕ್ಕೆತ್ತಿ. ಸುರುಳಿ ಸಿದ್ಧ.

ಇದರ ಮೇಲೆ ಬೆಂಕಿಪೊಟ್ಟಣವೇ ನಿಮ್ಮ ರೈಲು. ಮಲಗಿಸಿದ ಪೊಟ್ಟಣ ಮೇಲಿನ ಸುತ್ತಿಗೆ ತಗುಲದೆ ಸಾಗಲು ಎಷ್ಟು ಎತ್ತರ ಬೇಕು? ಅಳೆಯಿರಿ. ರಟ್ಟಿನ ದಪ್ಪ ಸೇರಿಸಲು ಮರೆಯಬೇಡಿ. ದಾರಿಯ ನಡುಗೆರೆಯ ತ್ರಿಜ್ಯ 9 ಸೆ.ಮೀ. ಅದರ ಪರಿಧಿ ಎಷ್ಟು? ಹಾಗಾದರೆ ಏರು ಶೇಕಡಾ ಎಷ್ಟಾಯಿತು? ಸಕಲೇಶಪುರದ ಘಟ್ಟಕ್ಕಿಂತ ಹೆಚ್ಚೋ, ಕಡಿಮೆಯೋ? ಲೆಕ್ಕ ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ.