ಕಾರಿನೊಳಗಿನ ಬೆಲ್ಟು, ಚೈನು

ಹೋದ ಏಪ್ರಿಲ್‌ನಲ್ಲಿ ಕಮಲಾಪುರದಿಂದ ಕಲಬುರಗಿಗೆ ಬರುವಾಗ ನಮ್ಮ ಮಾಮುವಿನ ಹಳೆಯ ಡೀಸೆಲ್ ಕಾರು ಮಹಾಗಾಂವ ಕ್ರಾಸ್ ಹತ್ತಿರ ಒಮ್ಮೆಲೇ ಬಂದ್ ಆಯಿತು. ಮಾಮು ನಾಲ್ಕೈದು ಸಲ ಸೆಲ್ಫ್ ಹೊಡೆದರು. ಎಂಜಿನ್ ಎಂದಿಗಿಂತ ಹಗುರಾಗಿ ತಿರುಗಿತೇ ಹೊರತು ಚಾಲೂ ಆಗಲಿಲ್ಲ. ಕಾರನ್ನು ಎಳೆಸಿಕೊಂಡು ಕಲಬುರಗಿಯ ಗ್ಯಾರೇಜಿಗೆ ತಂದಾಗ ಮಿಸ್ತ್ರಿ ಕೇಳಿದ ಮೊದಲ ಮಾತು, "ಟೈಮಿಂಗ್ ಬೆಲ್ಟ್ ಯಾವಾಗ ಬದಲಿ ಮಾಡ್ಸೀರಿ?" ಮಾಮುವಿಗೆ ಗೊತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಅದು. ಅದನ್ನು ಬಾಡಿಗೆಗೆ ಓಡಿಸಿಯೇ ಅವರ ಮನೆ ನಡೆಯುತ್ತದೆ.

ನಾನು ಕಾಮರ್ಸ್ ವಿದ್ಯಾರ್ಥಿ, ಎಂಜಿನ್ ನನ್ನ ವಿಷಯವಲ್ಲ. ಆದರೂ ಆ ವಾರ ಗ್ಯಾರೇಜಿನಲ್ಲಿ ಕುಳಿತು ನೋಡಿದ್ದನ್ನು, ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಬಾನೆಟ್ ಎತ್ತಿದರೆ ಹೊರಗೇ ಕಾಣುವುದು ಡ್ರೈವ್ ಬೆಲ್ಟ್. ನಮ್ಮಲ್ಲಿ ಎಲ್ಲರೂ ಫ್ಯಾನ್ ಬೆಲ್ಟ್ ಎನ್ನುತ್ತಾರೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಎಷ್ಟೋ ಕಾರುಗಳಲ್ಲಿ ನೀರಿನ ಪಂಪು ಕೂಡ ಇದರಿಂದ ತಿರುಗುತ್ತವೆ. ಇದು ಹರಿದರೆ ಬ್ಯಾಟರಿಯ ದೀಪ ಹೊತ್ತುತ್ತದೆ, ಎಂಜಿನ್ ಕಾಯಬಹುದು. ಕೂಡಲೇ ಗಾಡಿ ನಿಲ್ಲಿಸಿದರೆ ದೊಡ್ಡ ನಷ್ಟವಿಲ್ಲ.

ಟೈಮಿಂಗ್ ಬೆಲ್ಟ್ ಹಾಗಲ್ಲ. ಅದು ಮುಚ್ಚಳದ ಒಳಗೆ ಇರುತ್ತದೆ, ಒಳಮೈಗೆ ಹಲ್ಲುಗಳಿರುತ್ತವೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿಗೂ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೂ ಅದೇ ಕೊಂಡಿ. ಕ್ರ್ಯಾಂಕ್ 2 ಸುತ್ತು ಬಂದರೆ ಕ್ಯಾಮ್ 1 ಸುತ್ತು, ಒಂದು ಹಲ್ಲೂ ಹೆಚ್ಚುಕಡಿಮೆ ಆಗುವಂತಿಲ್ಲ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ! ಪಿಸ್ಟನ್ ಮೇಲೆ ಬರುವಷ್ಟರಲ್ಲಿ ವಾಲ್ವ್ ಹಿಂದೆ ಸರಿದಿರಬೇಕು. ಬೆಲ್ಟ್ ಹರಿದರೆ ಕ್ಯಾಮ್ ನಿಲ್ಲುತ್ತದೆ, ಕೆಲವು ವಾಲ್ವ್ ತೆರೆದೇ ಉಳಿಯುತ್ತವೆ. ಕ್ರ್ಯಾಂಕ್ ಮಾತ್ರ ಇನ್ನೂ ತಿರುಗುತ್ತಿರುತ್ತದೆ, ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ಮಾಮುವಿನ ಎಂಜಿನ್‌ನಲ್ಲಿ ಐದು ವಾಲ್ವ್ ಬಾಗಿದ್ದವು. ಹರಿದ ಮೇಲೆ ಸೆಲ್ಫ್ ಹೊಡೆದಷ್ಟೂ ಹಾನಿ ಹೆಚ್ಚಾಗಬಹುದು ಎಂದು ಮಿಸ್ತ್ರಿ ಹೇಳಿದಾಗ ಮಾಮು ತಲೆ ಬಗ್ಗಿಸಿದರು.

ಇದೇ ಕೆಲಸವನ್ನು ಕೆಲವು ಎಂಜಿನ್‌ಗಳಲ್ಲಿ ಉಕ್ಕಿನ ಚೈನು ಮಾಡುತ್ತದೆ. ಮಾರುತಿ 800ಕ್ಕೆ ಬೆಲ್ಟು, ಸ್ವಿಫ್ಟ್ ಡೀಸೆಲ್‌ಗೆ ಚೈನು. ನಮ್ಮ ಕಾಲೇಜಿಗೆ ಬರುವ ಸ್ಪ್ಲೆಂಡರ್ ಬೈಕಿನ ಎಂಜಿನ್‌ನಲ್ಲೂ ಇಂಥ ಚೈನು ಉಂಟು, ಹಿಂದಿನ ಚಕ್ರದ ಚೈನಲ್ಲ. ಚೈನು ಆಯಿಲ್‌ನಲ್ಲಿ ನೆನೆದೇ ಓಡುತ್ತದೆ, ಬಹಳ ಕಾಲ ಬಾಳುತ್ತದೆ. ಆದರೆ ಆಯಿಲ್ ಹೊತ್ತಿಗೆ ಬದಲಿಸದಿದ್ದರೆ ಸವೆದು ಉದ್ದವಾಗುತ್ತದೆ, ಬೆಳಿಗ್ಗೆ ಚಾಲೂ ಮಾಡಿದಾಗ ಕಟಕಟ ಅನ್ನುತ್ತದೆ. ಅಂದರೆ ಚೈನು ಮೊದಲೇ ಹೇಳುತ್ತದೆ. ಬೆಲ್ಟು ಹೆಚ್ಚಾಗಿ ಏನೂ ಹೇಳುವುದಿಲ್ಲ.

ಬೆಲ್ಟು ರಬ್ಬರಿನದು. ಗಾಡಿ ನಿಂತಲ್ಲೇ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ, ನಮ್ಮ 40 ಡಿಗ್ರಿ ದಾಟುವ ಬಿಸಿಲು ಬೇರೆ. ಆದ್ದರಿಂದಲೇ ಕಂಪನಿಯ ಪುಸ್ತಕದಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಎಂದು ಬರೆದಿರುತ್ತಾರೆ. ನಮ್ಮ ಅಕೌಂಟೆನ್ಸಿಯ ಸವಕಳಿ ಪಾಠ ನನಗೆ ನಿಜವಾಗಿ ಅರ್ಥವಾದದ್ದು ಇಲ್ಲಿ. ಮಾಮುವಿನ ಲೆಕ್ಕದ ವಹಿಯಲ್ಲಿ ಡೀಸೆಲ್, ಇನ್ಶೂರೆನ್ಸ್, ಟೈರು ಎಲ್ಲ ಇತ್ತು, ಬೆಲ್ಟಿನ ಹೆಸರಿನಲ್ಲಿ ಒಂದು ರೂಪಾಯಿ ಇರಲಿಲ್ಲ. ಹೊತ್ತಿಗೆ ಬದಲಿಸಿದ್ದರೆ ಆಗುತ್ತಿದ್ದ ಖರ್ಚಿನ ಆರು ಪಟ್ಟು ಕೊಟ್ಟರು, ಹನ್ನೊಂದು ದಿನದ ಬಾಡಿಗೆಯೂ ಹೋಯಿತು. ನನ್ನ ತಂಗಿಯ ಮಾತು ಬೇರೆ: "ಈದ್ ಬಟ್ಟೆ ಎಂಜಿನ್ ಒಳಗೆ ಹೋಯ್ತು."

ಈಗ ಬಾನೆಟ್ ಒಳಗೆ ಒಂದು ಚೀಟಿ ಅಂಟಿಸಿದ್ದಾರೆ: ಬೆಲ್ಟು ಹಾಕಿದ ತಾರೀಖು, ಅಂದಿನ ಮೀಟರ್. ಬರೆದದ್ದು ನಾನೇ, ಮಾಮು ಹೇಳಿದಂತೆ ಉರ್ದುವಿನಲ್ಲೂ ಮಿಸ್ತ್ರಿಗೆ ತಿಳಿಯಲೆಂದು ಕನ್ನಡದಲ್ಲೂ.