ವಕ್ರರೇಖೆಯ ಒಡೆತನ

ಕಂಪ್ಯೂಟರಿನಲ್ಲಿ ಚಿತ್ರವನ್ನು ಎರಡು ಬಗೆಯಲ್ಲಿ ಇರಿಸಿಕೊಳ್ಳಬಹುದು: ಛಾಯಾಚಿತ್ರದಲ್ಲಿರುವಂತೆ ಬಣ್ಣದ ಚುಕ್ಕಿಗಳ ಸಾಲುಗಳಾಗಿ, ಇಲ್ಲವೇ ಪ್ರತಿಯೊಂದು ಗೆರೆಯೂ ಎಲ್ಲಿ ಹೊರಟು, ಹೇಗೆ ಬಾಗಿ, ಎಲ್ಲಿ ಮುಗಿಯುತ್ತದೆಂಬ ಗಣಿತದ ವಿವರಣೆಯಾಗಿ. ಎರಡನೆಯ ಬಗೆಗೆ ವೆಕ್ಟರ್ ಗ್ರಾಫಿಕ್ಸ್ ಎಂದು ಹೆಸರು. ಚುಕ್ಕಿಯ ಚಿತ್ರವನ್ನು ಹಿಗ್ಗಿಸಿದರೆ ಅಂಚು ಒಡೆಯುತ್ತದೆ; ವೆಕ್ಟರ್ ಚಿತ್ರವನ್ನು ಪ್ರತಿ ಅಳತೆಗೂ ಹೊಸದಾಗಿ ಲೆಕ್ಕ ಹಾಕುವುದರಿಂದ ವಿಸಿಟಿಂಗ್ ಕಾರ್ಡಿನ ಲಾಂಛನವೇ ಹೆದ್ದಾರಿಯ ಫಲಕಕ್ಕೂ ಸಾಲುತ್ತದೆ. ಇಂಥ ಚಿತ್ರ ಬಿಡಿಸುವ ತಂತ್ರಾಂಶಗಳಾದ ಇಲ್ಲಸ್ಟ್ರೇಟರ್, ಕೋರಲ್‌ಡ್ರಾ, ಇಂಕ್‌ಸ್ಕೇಪ್‌ಗಳಲ್ಲಿ ಯಾವುದು ಮೇಲೆಂಬ ವಾದವು ಸಾಮಾನ್ಯವಾಗಿ ಅವುಗಳ ಸಲಕರಣೆಗಳ ನಯನಾಜೂಕಿನಲ್ಲೇ ನಿಂತುಬಿಡುತ್ತದೆ. ಇತಿಹಾಸವನ್ನು ನೋಡಿದರೆ ಈ ಆಯ್ಕೆಯನ್ನು ಹೆಚ್ಚಾಗಿ ತೀರ್ಮಾನಿಸಿದ್ದು ಯಂತ್ರ, ಲಿಪಿ ಮತ್ತು ಒಡೆತನ.

ಈ ತಂತ್ರಾಂಶಗಳ ಬುನಾದಿಯಾದ ವಕ್ರರೇಖೆ ಹುಟ್ಟಿದ್ದು ಫ್ರಾನ್ಸಿನ ಕಾರು ಕಂಪನಿಗಳಲ್ಲಿ. ಎರಡು ತುದಿಬಿಂದುಗಳ ನಡುವಿನ ಗೆರೆಯನ್ನು ಇನ್ನೆರಡು ನಿಯಂತ್ರಣ ಬಿಂದುಗಳು ತಮ್ಮ ಕಡೆಗೆ ಸೆಳೆದು ಬಾಗಿಸುವ ಈ ವಿಧಾನವನ್ನು ಸಿಟ್ರೋಯೆನ್‌ನ ಪಾಲ್ ದ ಕಾಸ್ತೆಲ್ಜೊ 1959ರಲ್ಲೇ ರೂಪಿಸಿದ್ದರೂ ಕಂಪನಿ ಅದನ್ನು ಗುಟ್ಟಾಗಿರಿಸಿತು. 1960ರ ದಶಕದಲ್ಲಿ ರೆನೋದ ಪಿಯೆರ್ ಬೆಜಿಯೇ ತಮ್ಮ ಕೆಲಸವನ್ನು ಪ್ರಕಟಿಸಿದ್ದರಿಂದ ರೇಖೆಗೆ ಅವರ ಹೆಸರೇ ನಿಂತಿತು. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಷ್ಕೆ 1982ರಲ್ಲಿ ಕಟ್ಟಿದ ಅಡೋಬಿ ಸಂಸ್ಥೆಯು, ಪುಟದ ಮೇಲೆ ಏನು ಎಲ್ಲಿ ಬರಬೇಕೆಂದು ಮುದ್ರಕಕ್ಕೆ ತಿಳಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯಲ್ಲಿ ಇದೇ ರೇಖೆಯನ್ನು ಅಳವಡಿಸಿತು. 1985ರಲ್ಲಿ ಆಪಲ್‌ನ ಲೇಸರ್‌ರೈಟರ್ ಮುದ್ರಕ ಆ ಭಾಷೆಯನ್ನು ಕಚೇರಿಯ ಮೇಜಿಗೆ ತಂದಿತು. ಪ್ರೋಗ್ರಾಂ ಬರೆಯಲು ಬಾರದ ಕಲಾವಿದರ ಕೈಗೂ ಆ ರೇಖೆ ಎಟಕುವಂತೆ 1987ರಲ್ಲಿ ಮ್ಯಾಕಿಂಟಾಷ್‌ಗಾಗಿ ಬಂದದ್ದೇ ಅಡೋಬಿಯ ಇಲ್ಲಸ್ಟ್ರೇಟರ್.

ಮರುವರ್ಷವೇ ಅದಕ್ಕೊಂದು ಪ್ರತಿಸ್ಪರ್ಧಿ ಹುಟ್ಟಿತು. ಟೆಕ್ಸಾಸಿನ ಆಲ್ಟ್‌ಸಿಸ್ ಸಂಸ್ಥೆ ತಯಾರಿಸಿ ಆಲ್ಡಸ್ ಸಂಸ್ಥೆ ಮಾರುತ್ತಿದ್ದ ಫ್ರೀಹ್ಯಾಂಡ್, ಬಣ್ಣ ತುಂಬಿದ ಚಿತ್ರವನ್ನು ಕಣ್ಣೆದುರಿಗೇ ತಿದ್ದಲು ಬಿಡುತ್ತಿತ್ತು. ಇಲ್ಲಸ್ಟ್ರೇಟರಿನ ಆರಂಭದ ಆವೃತ್ತಿಗಳಲ್ಲಾದರೋ ಬರಿಯ ಹೊರಗೆರೆಯಲ್ಲಿ ಕೆಲಸ ಮಾಡಿ, ಬಣ್ಣದ ರೂಪವನ್ನು ಬೇರೆಯಾಗಿ ತೆರೆದು ನೋಡಬೇಕಿತ್ತು. 1994ರಲ್ಲಿ ಆಲ್ಡಸ್ ಅಡೋಬಿಯಲ್ಲಿ ವಿಲೀನವಾದಾಗ ಎರಡೂ ತಂತ್ರಾಂಶಗಳು ಒಬ್ಬನೇ ಒಡೆಯನ ಕೈಸೇರುವ ಸ್ಥಿತಿ ಬಂದಿದ್ದರಿಂದ, ಅಮೆರಿಕದ ವ್ಯಾಪಾರ ಆಯೋಗವು ಫ್ರೀಹ್ಯಾಂಡನ್ನು ಆಲ್ಟ್‌ಸಿಸ್‌ಗೆ ಹಿಂದಿರುಗಿಸುವಂತೆ ಮಾಡಿತಲ್ಲದೆ, ಇಂಥ ವೃತ್ತಿಪರ ತಂತ್ರಾಂಶವನ್ನು ಅಡೋಬಿ ಪೂರ್ವಾನುಮತಿಯಿಲ್ಲದೆ ಕೊಳ್ಳದಂತೆ ಹತ್ತು ವರ್ಷದ ಕಟ್ಟು ಹಾಕಿತು. ಆ ಬಳಿಕ ಮ್ಯಾಕ್ರೋಮೀಡಿಯಾ ಸಂಸ್ಥೆ ಆಲ್ಟ್‌ಸಿಸ್ ಅನ್ನು ಕೊಂಡಿತು; ಹತ್ತು ವರ್ಷ ಮುಗಿದ ಮೇಲೆ, 2005ರಲ್ಲಿ, ಅಡೋಬಿ ಮ್ಯಾಕ್ರೋಮೀಡಿಯಾವನ್ನೇ ಕೊಂಡಿತು. ಇದನ್ನು ಕಾಕತಾಳೀಯವೆನ್ನುವುದಕ್ಕೆ ಸಾಕಷ್ಟು ಔದಾರ್ಯ ಬೇಕು. ಫ್ರೀಹ್ಯಾಂಡಿನ ಮುಂದಿನ ಆವೃತ್ತಿ ಬರುವುದಿಲ್ಲವೆಂದು 2007ರಲ್ಲಿ ಘೋಷಣೆಯಾಯಿತು. ಒಂದೇ ಕಡತದಲ್ಲಿ ಹಲವು ಪುಟಗಳನ್ನಿರಿಸುವ ಸೌಲಭ್ಯ ಫ್ರೀಹ್ಯಾಂಡಿನಲ್ಲಿ 1990ರ ದಶಕದಿಂದಲೇ ಇದ್ದರೆ, ಇಲ್ಲಸ್ಟ್ರೇಟರಿಗೆ ಅದಕ್ಕೆ ಹೋಲುವ ಆರ್ಟ್‌ಬೋರ್ಡ್‌ಗಳು ಬಂದದ್ದು 2008ರಲ್ಲಿ. ಬಳಕೆದಾರರ ಗುಂಪೊಂದು 2011ರಲ್ಲಿ ಅಡೋಬಿಯ ವಿರುದ್ಧ ಹೂಡಿದ ಮೊಕದ್ದಮೆ ಮರುವರ್ಷ ರಾಜಿಯಲ್ಲಿ ಮುಗಿಯಿತಾದರೂ ತಂತ್ರಾಂಶ ಮರಳಿ ಬರಲಿಲ್ಲ.

ಕೆನಡಾದ ಒಟ್ಟಾವಾದಲ್ಲಿ ನೆಲೆಯಿದ್ದ ಕೋರಲ್ ಸಂಸ್ಥೆ ಈ ಜಗಳದಿಂದ ದೂರವಿದ್ದು, ಆಗಿನ್ನೂ ಎಳೆಯದಾಗಿದ್ದ ವಿಂಡೋಸನ್ನು ನಂಬಿ 1989ರಲ್ಲಿ ಕೋರಲ್‌ಡ್ರಾ ಬಿಡುಗಡೆ ಮಾಡಿತು. ಮ್ಯಾಕಿಂಟಾಷ್ ಕೊಳ್ಳಲಾಗದ ಭಾರತದ ಸಣ್ಣ ಮುದ್ರಣಾಲಯಗಳಿಗೂ ಡಿಟಿಪಿ ಅಂಗಡಿಗಳಿಗೂ, ಬಿಡಿಭಾಗ ಜೋಡಿಸಿದ ಅಗ್ಗದ ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶವೇ ಸಹಜವಾಗಿ ಒದಗಿತು. ಪರವಾನಗಿಯಿಲ್ಲದ ಪ್ರತಿಗಳೂ ಇದಕ್ಕೆ ನೆರವಾದವೆಂಬುದನ್ನು ಮುಚ್ಚಿಡಬೇಕಿಲ್ಲ. ಕರ್ನಾಟಕದಲ್ಲಿ ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸ್‌ಗಳ ಡಿಸೈನ್ ಎಂದರೆ ಕೋರಲ್ ಎನ್ನುವ ರೂಢಿ ಬೆಳೆದದ್ದು ಹೀಗೆ.

2013ರಲ್ಲಿ ಅಡೋಬಿ ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಪದ್ಧತಿಯನ್ನು ಕೈಬಿಟ್ಟು ಚಂದಾಕ್ಕೆ ಹೊರಳಿತು. ಅದಕ್ಕೂ ಹತ್ತು ವರ್ಷ ಮೊದಲೇ ಸೋಡಿಪೋಡಿ ಎಂಬ ಮುಕ್ತ ತಂತ್ರಾಂಶದಿಂದ ಕವಲೊಡೆದು ಇಂಕ್‌ಸ್ಕೇಪ್ ಬಂದಿತ್ತು. ಅದರ ಮೂಲ ಕಡತರೂಪವಾದ ಎಸ್‌ವಿಜಿ 2001ರಲ್ಲಿ ಅಂಗೀಕೃತವಾದ ಬಹಿರಂಗ ಮಾನಕವಾದ್ದರಿಂದ, ಚಿತ್ರವನ್ನು ತೆರೆಯುವ ಹಕ್ಕು ಯಾವುದೇ ಕಂಪನಿಯ ಅಧೀನದಲ್ಲಿಲ್ಲ. ಚಂದಾದಿಂದ ಬೇಸತ್ತವರನ್ನು 2014ರಿಂದ ಸೆಳೆಯತೊಡಗಿದ ಬ್ರಿಟನ್ನಿನ ಅಫಿನಿಟಿ ಡಿಸೈನರ್ 2024ರಲ್ಲಿ ಕ್ಯಾನ್ವಾ ಸಂಸ್ಥೆಯ ಪಾಲಾಯಿತು.

ಕನ್ನಡದ ಮಟ್ಟಿಗೆ ನಿರ್ಣಾಯಕವಾದುದು ಒತ್ತಕ್ಷರ. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಕೂರಿಸಿದ್ದರಿಂದ ಕನ್ನಡವೇ ತಿಳಿಯದ ತಂತ್ರಾಂಶವೂ ಅವನ್ನು ಸರಿಯಾಗಿ ತೋರಿಸುತ್ತಿತ್ತು. ಈಗಿನ ಸಂಕೇತಪದ್ಧತಿಯಾದ ಯೂನಿಕೋಡಿನಲ್ಲಿ ಒತ್ತುಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ; ಕ, ಹಲಂತ ಚಿಹ್ನೆ, ಷ ಎಂಬ ಮೂರು ಸಂಕೇತಗಳು ಸೇರಿ ಕ್ಷ ಆಗುವುದು, ಫಾಂಟಿನೊಳಗಿನ ನಿಯಮಗಳನ್ನು ತಂತ್ರಾಂಶ ಓದಿ ಪಾಲಿಸಿದಾಗ ಮಾತ್ರ. ಇಂಕ್‌ಸ್ಕೇಪ್ ಪಾಂಗೋ ಎಂಬ ಅಕ್ಷರಜೋಡಣಾ ವ್ಯವಸ್ಥೆಯ ಮೂಲಕ ಇದನ್ನು ತಾನಾಗಿಯೇ ಮಾಡುತ್ತದೆ. ಇಲ್ಲಸ್ಟ್ರೇಟರಿನಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಬಳಕೆದಾರರೇ ಹುಡುಕಿ ತೆರೆಯಬೇಕಾದೀತು. ಆದರೂ ಅನೇಕ ಅಂಗಡಿಗಳು ಹಳೆಯ ಫಾಂಟುಗಳನ್ನು ಬಿಡದಿರಲು ಸಕಾರಣವಿದೆ: ಮುದ್ರಣಕ್ಕೆ ಕಳಿಸುವ ಮುನ್ನ ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿ, ಅಂದರೆ ಬರಿಯ ಬೆಜಿಯೇ ರೇಖೆಗಳಾಗಿ ಮಾರ್ಪಡಿಸಿ, ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ರೂಪ ಕೆಡದಂತೆ ನೋಡಿಕೊಳ್ಳುತ್ತಾರೆ; ಹಾಗೆ ಮಾಡಿದ ಪ್ರತಿಯಲ್ಲಿ ಪಠ್ಯವನ್ನು ತಿದ್ದಲಾಗದ್ದರಿಂದ, ಹೋದ ವರ್ಷದ ಜಾತ್ರೆಯ ಕರಪತ್ರದಲ್ಲಿ ತಿಥಿ ಬದಲಿಸಬೇಕಾದಾಗ ಬೇಕಾಗುವುದು ಮೂಲ ಸಿಡಿಆರ್ ಕಡತ, ಅದನ್ನು ತೆರೆಯುವ ಕೋರಲ್ ಮತ್ತು ಅದೇ ಹಳೆಯ ಫಾಂಟ್.